ಅಮ್ಮನ ಕೆನಡಾ ವಿಸಿಟರ್ ವೀಸಾ ತಿರಸ್ಕೃತವಾಗಿದೆ: ಮರು ಅರ್ಜಿಯಲ್ಲಿ ಏನನ್ನು ಬದಲಿಸಬೇಕು?

ಸೀತಾನದಿ (ಹೆಬ್ರಿ)

ನಮಸ್ಕಾರ. ನನ್ನ ಅಮ್ಮನ ಕೆನಡಾ ವಿಸಿಟರ್ ವೀಸಾ ಅರ್ಜಿ ತಿರಸ್ಕೃತವಾಗಿದೆ. ಮತ್ತೆ ಅರ್ಜಿ ಹಾಕುವ ಮೊದಲು ಇದರ ಅನುಭವವಿರುವವರ ಸಲಹೆ ಬೇಕಾಗಿದೆ. ಅರ್ಧ ಹೇಳಿದರೆ ಸಲಹೆಯೂ ಅರ್ಧವೇ ಸಿಗುವುದರಿಂದ ಸಂಗತಿಯನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಅಕ್ಕ ಮತ್ತು ಭಾವ ಒಂಟಾರಿಯೊ ಪ್ರಾಂತದ ವಾಟರ್‌ಲೂನಲ್ಲಿದ್ದಾರೆ; ಇಬ್ಬರಿಗೂ ಪಿಆರ್ (ಕಾಯಂ ನಿವಾಸದ ಅನುಮತಿ) ಇದೆ. ಅಕ್ಕ ಈಗ ಚೊಚ್ಚಲ ಬಸುರಿ. ನಮ್ಮ ಕಡೆಯ ರೂಢಿಯಂತೆ ಹೆರಿಗೆಗೆ ತವರಿಗೆ ಬರಲು ಅವಳ ಉದ್ಯೋಗ ಬಿಡುವುದಿಲ್ಲ. ಆದ್ದರಿಂದ ಅಮ್ಮನೇ ಅಲ್ಲಿಗೆ ಹೋಗಿ ಬಾಣಂತನ ಮುಗಿಸಿ ಬರುವುದೆಂದು ಮನೆಯಲ್ಲಿ ನಿಶ್ಚಯವಾಯಿತು. ಅಪ್ಪ ಸಿಂಡಿಕೇಟ್ ಬ್ಯಾಂಕಿನಿಂದ ನಿವೃತ್ತರಾದವರು, ಪಿಂಚಣಿ ಬರುತ್ತದೆ, ಅದರೊಂದಿಗೆ ಅಡಿಕೆ ತೋಟವನ್ನೂ ಅವರೇ ನೋಡಿಕೊಳ್ಳುತ್ತಾರೆ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಸಬೇಕು, ಮಳೆಗಾಲದ ನಡುವೆ ಇನ್ನೊಮ್ಮೆ ಹೊಡೆಸಬೇಕು, ಹಟ್ಟಿಯಲ್ಲಿ ದನಗಳಿವೆ. ಹೀಗಾಗಿ ಅವರು ಮನೆ ಬಿಟ್ಟು ಹೋಗುವಂತಿಲ್ಲ. ಅಮ್ಮ ಒಬ್ಬರೇ ಅರ್ಜಿ ಹಾಕಿದರು.

ಅರ್ಜಿಯಲ್ಲಿ ಅಮ್ಮನ ಉದ್ಯೋಗ ಗೃಹಿಣಿ ಎಂದಿದೆ. ಅಪ್ಪನ ಪಿಂಚಣಿಯ ದಾಖಲೆ, ಅಪ್ಪನ ಹೆಸರಿನ ಪಹಣಿ, ಅಮ್ಮನ ಉಳಿತಾಯ ಖಾತೆಯ ಸ್ಟೇಟ್‌ಮೆಂಟ್, ಭಾವನ ಸಂಬಳದ ಚೀಟಿಗಳು, ಇಬ್ಬರ ಸಹಿಯಿರುವ ಆಹ್ವಾನ ಪತ್ರ, ಇಷ್ಟನ್ನು ಲಗತ್ತಿಸಿದ್ದೆವು. ಧಾರಣೆ ಏರಿದಾಗ ಮನೆಯಲ್ಲಿ ದಾಸ್ತಾನಿದ್ದ ಅಡಿಕೆಯನ್ನು ಮಾರಿ, ಬಂದ ಹಣದ ಒಂದು ಭಾಗವನ್ನು ಅಪ್ಪ ಅಮ್ಮನ ಖಾತೆಗೆ ವರ್ಗಾಯಿಸಿದ್ದರು. ಅದು ಅರ್ಜಿಗೆ ಸ್ವಲ್ಪ ಮುಂಚೆ ಒಂದೇ ದೊಡ್ಡ ಮೊತ್ತವಾಗಿ ಕಾಣುತ್ತದೆ. ತಂಗುವ ಅವಧಿ 6 ತಿಂಗಳು ಎಂದು ನಮೂದಿಸಿದ್ದೆವು.

ನಿರಾಕರಣೆಯ ಪತ್ರದಲ್ಲಿ, ಅಮ್ಮ ಅವಧಿ ಮುಗಿದ ಮೇಲೆ ಕೆನಡಾ ಬಿಟ್ಟು ಹೊರಡುತ್ತಾರೆಂದು ಅಧಿಕಾರಿಗೆ ಮನವರಿಕೆಯಾಗಿಲ್ಲ ಎಂದಿದೆ. ಕೆನಡಾದಲ್ಲಿಯೂ ಸ್ವದೇಶದಲ್ಲಿಯೂ ಇರುವ ಕೌಟುಂಬಿಕ ಸಂಬಂಧಗಳು, ಭೇಟಿಯ ಉದ್ದೇಶ, ಆಸ್ತಿ ಮತ್ತು ಹಣಕಾಸಿನ ಸ್ಥಿತಿ, ಈ ಮೂರನ್ನು ಕಾರಣವಾಗಿ ಕೊಟ್ಟಿದ್ದಾರೆ. ಗಂಡ, ಮಗ, ಮನೆ, ತೋಟ ಎಲ್ಲವೂ ಇಲ್ಲಿರುವಾಗ ಊರಿನಲ್ಲಿ ಸಂಬಂಧವೇ ಇಲ್ಲವೆಂಬಂತೆ ಓದಿಸಿಕೊಂಡ ಆ ಸಾಲು ಅಮ್ಮನನ್ನು ತುಂಬ ನೋಯಿಸಿತು. ಎಷ್ಟು ಕಾಲ ಕಾಯಬೇಕು, ಮೇಲ್ಮನವಿ ಇದೆಯೇ, ಯಾವ ದಾಖಲೆಗಳನ್ನು ಸೇರಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ಬರೆಯಿರಿ.

ಕದ್ರಿಗುಡ್ಡ (ಮಂಗಳೂರು)

ಮೊದಲಿಗೆ ಅಮ್ಮನಿಗೆ ಒಂದು ಮಾತು ತಿಳಿಸಿ. ಆ ಸಾಲುಗಳನ್ನು ಅವರನ್ನು ಉದ್ದೇಶಿಸಿ ಯಾರೂ ಕೂತು ಬರೆದದ್ದಲ್ಲ. ಸಿದ್ಧ ವಾಕ್ಯಗಳ ಪಟ್ಟಿಯಿಂದ ಅಧಿಕಾರಿ ತನಗೆ ಅನ್ವಯಿಸಿದವನ್ನು ಆರಿಸುತ್ತಾನೆ. ಅವೇ ವಾಕ್ಯಗಳು ಸಾವಿರಾರು ಜನರ ಪತ್ರಗಳಲ್ಲಿರುತ್ತವೆ. ಆದರೆ ಅವನ್ನು ನಿರ್ಲಕ್ಷಿಸಬಾರದು. ಅವುಗಳ ಹಿಂದೆ ಕೆನಡಾದ ವಲಸೆ ನಿಯಮಾವಳಿಯ 179ನೆಯ ನಿಯಮವಿದೆ. ಅರ್ಜಿದಾರರು ಅನುಮತಿಸಿದ ಅವಧಿಯ ಕೊನೆಗೆ ದೇಶ ಬಿಟ್ಟು ಹೊರಡುತ್ತಾರೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು ಎಂದು ಆ ನಿಯಮ ಹೇಳುತ್ತದೆ. ಮನವರಿಕೆ ಮಾಡಿಸುವ ಹೊಣೆ ಅರ್ಜಿದಾರರದ್ದೇ. ಅಮ್ಮ ಮರಳಿ ಬರುವವರೆಂಬುದು ನಿಮಗೆ, ನೆರೆಕರೆಯವರಿಗೆ, ಊರಿಗೇ ಗೊತ್ತಿರಬಹುದು. ಕಡತದಲ್ಲಿ ಅದು ಇಲ್ಲದಿದ್ದರೆ ಅಧಿಕಾರಿಯ ಪಾಲಿಗೆ ಅದು ಇಲ್ಲವೇ ಇಲ್ಲ.

ಈಗ ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ. ವಿಸಿಟರ್ ವೀಸಾ ನಿರಾಕರಣೆಗೆ ಮಾಮೂಲಿ ಅರ್ಥದ ಮೇಲ್ಮನವಿ ಇಲ್ಲ. ಫೆಡರಲ್ ನ್ಯಾಯಾಲಯದಲ್ಲಿ ನ್ಯಾಯಿಕ ಪರಿಶೀಲನೆ ಕೋರಬಹುದು. ಕೆನಡಾದ ಹೊರಗೆ ಆದ ತೀರ್ಮಾನಕ್ಕೆ, ಅದು ತಿಳಿದಂದಿನಿಂದ 60 ದಿನಗಳೊಳಗೆ ಅರ್ಜಿ ಹೋಗಬೇಕು. ಅಲ್ಲಿ ಗೆದ್ದರೂ ನ್ಯಾಯಾಲಯ ತಾನೇ ವೀಸಾ ಕೊಡುವುದಿಲ್ಲ, ಬೇರೊಬ್ಬ ಅಧಿಕಾರಿ ಮತ್ತೆ ನೋಡಲಿ ಎಂದು ಹಿಂದಕ್ಕೆ ಕಳುಹಿಸುತ್ತದೆ. ಹೆರಿಗೆಯ ದಿನ ಹತ್ತಿರವಿರುವವರಿಗೆ, ಅದರಲ್ಲೂ ಮೊದಲ ಕಡತವೇ ತೆಳ್ಳಗಿದ್ದವರಿಗೆ, ಆ ದಾರಿ ಪ್ರಯೋಜನಕ್ಕೆ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಹೊಸ ಅರ್ಜಿಗೆ ಕಾಯುವ ಅವಧಿ ಎಂಬುದಿಲ್ಲ, ನಾಳೆಯೇ ಹಾಕಬಹುದು. ಆದರೆ ಅದೇ ಕಾಗದಗಳನ್ನು ಅದೇ ಕ್ರಮದಲ್ಲಿ ಮತ್ತೆ ಕಳುಹಿಸಿದರೆ ಅದೇ ಉತ್ತರ ಬರುವ ಸಂಭವವೇ ಹೆಚ್ಚು; ಎರಡನೆಯ ಅಧಿಕಾರಿ ಮೊದಲನೆಯವರ ಟಿಪ್ಪಣಿಯನ್ನು ಗಣಕದಲ್ಲಿ ನೋಡುತ್ತಾರೆ.

ಆ ಟಿಪ್ಪಣಿಯನ್ನು ನೀವೂ ನೋಡಬೇಕು. ನನ್ನ ದೃಷ್ಟಿಯಲ್ಲಿ ಮರು ಅರ್ಜಿಯ ಕೆಲಸ ಆರಂಭವಾಗುವುದೇ ಅಲ್ಲಿಂದ. 2025ರ ಜುಲೈ ಅಂತ್ಯದಿಂದ ಕೆನಡಾದ ವಲಸೆ ಇಲಾಖೆಯು ಕೆಲವು ಬಗೆಯ ಅರ್ಜಿಗಳ ನಿರಾಕರಣೆ ಪತ್ರದ ಜೊತೆಗೇ ಅಧಿಕಾರಿಯ ತೀರ್ಮಾನದ ಟಿಪ್ಪಣಿಯನ್ನು ಕಳುಹಿಸತೊಡಗಿದೆ. ಅಮ್ಮನ ವೀಸಾ ಅರ್ಜಿಯ ಆನ್‌ಲೈನ್ ಖಾತೆಗೆ ಬಂದ ಪತ್ರದ ಕೊನೆಯ ಪುಟಗಳವರೆಗೂ ಓದಿ. ಟಿಪ್ಪಣಿ ಅಲ್ಲಿಯೇ ಇರಬಹುದು. ಇಲ್ಲದಿದ್ದರೆ ನಿಮ್ಮ ಅಕ್ಕ ಅಲ್ಲಿನ ಮಾಹಿತಿ ಹಕ್ಕಿನ ಕಾಯ್ದೆಯಡಿ ಜಿಸಿಎಂಎಸ್ (ವಲಸೆ ಇಲಾಖೆಯ ಗಣಕ ಕಡತ ವ್ಯವಸ್ಥೆ) ಟಿಪ್ಪಣಿಯನ್ನು ಕೇಳಬಹುದು. ಕೆನಡಾದಲ್ಲಿರುವ ಯಾರಾದರೂ 5 ಡಾಲರ್ ಶುಲ್ಕ ಕಟ್ಟಿ ಇದನ್ನು ಕೇಳಬಹುದು, ಅಮ್ಮನ ಒಪ್ಪಿಗೆಯ ನಮೂನೆಗೆ ಸಹಿ ಬೇಕು, ಉತ್ತರಕ್ಕೆ ಕಾಯ್ದೆಯ ಪ್ರಕಾರ 30 ದಿನಗಳ ಗಡುವಿದೆ. ಗಡುವನ್ನು ಇಲಾಖೆ ವಿಸ್ತರಿಸುವುದೂ ಉಂಟು. ಪತ್ರದಲ್ಲಿ ಆಸ್ತಿ ಮತ್ತು ಹಣಕಾಸು ಎಂದಷ್ಟೇ ಇರುವಲ್ಲಿ, ಟಿಪ್ಪಣಿಯಲ್ಲಿ ಇತ್ತೀಚಿನ ದೊಡ್ಡ ಜಮೆಯ ಮೂಲ ತಿಳಿಯುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿರಬಹುದು. ಆಗ ನೀವು ಊಹೆಗೆ ಉತ್ತರ ಕೊಡುವುದನ್ನು ಬಿಟ್ಟು ಪ್ರಶ್ನೆಗೆ ಉತ್ತರ ಕೊಡುತ್ತೀರಿ.

ಇನ್ನು ನಿಮ್ಮ ಕಡತ. ನೀವು ಬರೆದುದನ್ನು ಅಧಿಕಾರಿಯ ಸ್ಥಾನದಲ್ಲಿ ಕುಳಿತು ಓದಿದೆ. ಅಲ್ಲಿ ಅಪ್ಪನ ಪಿಂಚಣಿಯಿದೆ, ಅಪ್ಪನ ಜಮೀನಿದೆ, ಭಾವನ ಸಂಬಳವಿದೆ. ಅಮ್ಮ ಎಲ್ಲಿದ್ದಾರೆ? ಅರ್ಜಿ ಅವರದ್ದು, ಆದರೆ ಅವರ ಬದುಕಿನ ಒಂದು ಕಾಗದವೂ ಅದರಲ್ಲಿಲ್ಲ. ಗೃಹಿಣಿ ಎಂಬ ಒಂದು ಪದ ಮತ್ತು ಎಲ್ಲಿಂದಲೋ ಬಂದ ಒಂದು ಮೊತ್ತ, ಅಷ್ಟೇ. ನಮ್ಮ ಜಿಲ್ಲೆಗಳ ತಾಯಂದಿರ ಅರ್ಜಿಗಳಲ್ಲಿ ಇದೇ ದೊಡ್ಡ ಕೊರತೆ ಎಂಬುದು ನನ್ನ ದೃಢವಾದ ನಂಬಿಕೆ, ಏಕೆಂದರೆ ಅವರು ನಿಜವಾಗಿಯೂ ಬರಿಗೈಯವರಲ್ಲ. ಹಟ್ಟಿಯಲ್ಲಿ ದನಗಳಿವೆ ಎಂದಿರಿ. ಹಾಲನ್ನು ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹಾಕುವವರು ಯಾರು? ಅನೇಕ ಮನೆಗಳಲ್ಲಿ ಸಂಘದ ಸದಸ್ಯತ್ವ ಹೆಂಗಸರ ಹೆಸರಿನಲ್ಲಿಯೇ ಇರುತ್ತದೆ, ಹಾಲಿನ ಹಣ ಅವರ ಖಾತೆಗೇ ಬರುತ್ತದೆ. ಹಾಗಿದ್ದರೆ ಸಂಘದ ಕಾರ್ಯದರ್ಶಿಯಿಂದ ಸದಸ್ಯತ್ವದ ಪತ್ರ ಮತ್ತು ಪಾವತಿಯ ವಿವರ ಪಡೆಯಿರಿ, ಉದ್ಯೋಗದ ಜಾಗದಲ್ಲಿ ಹೈನುಗಾರಿಕೆಯನ್ನೂ ನಮೂದಿಸಿ. ಅವರ ತಾಯಿಮನೆಯ ಜಮೀನಿನಲ್ಲಿ ಪಾಲಿದೆಯೇ ಎಂದು ವಿಚಾರಿಸಿ. ಅಳಿಯಸಂತಾನ ಪದ್ಧತಿ ನಡೆದುಬಂದ ಮನೆಗಳಲ್ಲಿ ಹೆಂಗಸರ ಹೆಸರು ಜಂಟಿ ಪಹಣಿಯಲ್ಲಿರುವುದು ನಮ್ಮಲ್ಲಿ ಹೊಸದೇನಲ್ಲ. ಆದರೂ ಗಂಡನ ಪಹಣಿಯನ್ನು ಲಗತ್ತಿಸಿ ಅದನ್ನು ಮನೆಯಲ್ಲಿಯೇ ಬಿಡುತ್ತಾರೆ.

ಕೊನೆಯದಾಗಿ ಒಂದು ವಿವರಣಾ ಪತ್ರ ಬೇಕು. ಅದು ಅಮ್ಮನ ಹೆಸರಿನಲ್ಲಿ, ಅಮ್ಮನ ಸಹಿಯೊಂದಿಗೆ, ಎರಡು ಪುಟ ಮೀರದಂತೆ ಇರಲಿ. ಹಿಂದಿನ ಅರ್ಜಿಯ ಸಂಖ್ಯೆಯನ್ನು ಮೊದಲ ಸಾಲಿನಲ್ಲಿಯೇ ಹೇಳಿ, ಕೊಟ್ಟಿದ್ದ ಕಾರಣಗಳನ್ನು ಒಂದೊಂದಾಗಿ ಎತ್ತಿಕೊಂಡು, ಪ್ರತಿಯೊಂದಕ್ಕೂ ಈ ಬಾರಿ ಯಾವ ದಾಖಲೆ ಉತ್ತರಿಸುತ್ತದೆ ಎಂದು ಬರೆಯಿರಿ. ಕರುಣೆ ಹುಟ್ಟಿಸುವ ಮಾತು ಬೇಡ, ಹಿಂದಿನ ಅಧಿಕಾರಿಯ ಮೇಲಿನ ದೂರೂ ಬೇಡ. ಅಮ್ಮ ಇಲ್ಲದಿರುವಷ್ಟು ಕಾಲ ಹಾಲು ಕರೆಯುವವರು ಯಾರು, ಅಪ್ಪನ ಊಟೋಪಚಾರದ ಏರ್ಪಾಡೇನು, ಯಾವ ಕೆಲಸಕ್ಕೆ ಅವರು ಯಾವ ತಿಂಗಳಿಗೆ ಮರಳಿ ಮನೆಯಲ್ಲಿರಲೇಬೇಕು ಎಂಬುದು ಅದರಲ್ಲಿ ಬರಲಿ. ಮರಳಿ ಬರುತ್ತೇನೆ ಎಂಬ ಭರವಸೆಗಿಂತ ಇಂಥ ವಿವರಕ್ಕೆ ಹೆಚ್ಚು ತೂಕವಿದೆ.

ಲೆಕ್ಕದ ಪುಸ್ತಕ (ಮಂಗಳೂರು)

ಮೇಲಿನವರು ಹೇಳಿದ ಕ್ರಮ ಸರಿಯಾಗಿದೆ. ನಾನು ಲೆಕ್ಕಪರಿಶೋಧಕನಾಗಿರುವುದರಿಂದ ಹಣಕಾಸಿನ ಭಾಗವನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ನಮ್ಮ ಭಾಗದ ಕುಟುಂಬಗಳ ಕಡತ ಎಡವುವುದು ಇಲ್ಲಿಯೇ.

ನಮ್ಮ ದೇಶದಲ್ಲಿ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಇದರ ಪರಿಣಾಮ ಏನೆಂದರೆ, ಅಪ್ಪನ ಆದಾಯ ತೆರಿಗೆ ರಿಟರ್ನ್ಸ್‌ನ ತೆರಿಗೆಗೆ ಒಳಪಡುವ ಮೊತ್ತದಲ್ಲಿ ಪಿಂಚಣಿ ಮತ್ತು ಬಡ್ಡಿ ಮಾತ್ರ ಕಾಣುತ್ತವೆ; ತೋಟದ ಉತ್ಪತ್ತಿ ಬೇರೆ ಅಂಕಣದಲ್ಲಿ ಇರುತ್ತದೆ ಅಥವಾ ಎಲ್ಲಿಯೂ ಇರುವುದಿಲ್ಲ. ಸಂಬಳದ ಚೀಟಿ ಮತ್ತು ತೆರಿಗೆ ಪತ್ರಗಳಿಂದ ವ್ಯಕ್ತಿಯ ಆರ್ಥಿಕ ಸ್ಥಿತಿಯನ್ನು ಅಳೆಯುವ ಅಧಿಕಾರಿಗೆ ನಾಲ್ಕೈದು ಎಕರೆ ಅಡಿಕೆ ತೋಟವಿರುವ ಮನೆಯೂ ಬಡ ಕುಟುಂಬವಾಗಿ ಕಾಣುವುದು ಹೀಗೆ. ಆದ್ದರಿಂದ ಮಾರಾಟದ ಬಿಲ್ಲುಗಳನ್ನು ಕೊಡಲೇಬೇಕು. 1973ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೆ ಅಡಿಕೆ ಹಾಕುವವರಾದರೆ ಬಿಲ್ಲು, ತೂಕ, ದರ ಎಲ್ಲವೂ ಕಾಗದದಲ್ಲಿರುತ್ತದೆ. ಖಾಸಗಿ ಮಂಡಿಗೆ ಹಾಕಿದ್ದರೂ ಬಿಲ್ಲನ್ನು ಕೇಳಿ ಪಡೆಯಿರಿ. ಒಂದು ವರ್ಷದ್ದು ಸಾಲದು. ಎರಡು ಮೂರು ಹಂಗಾಮಿನ ಬಿಲ್ಲುಗಳಿದ್ದರೆ, ಅಡಿಕೆಯ ಹಣ ತಿಂಗಳು ತಿಂಗಳು ಬರುವಂಥದ್ದಲ್ಲ, ದಾಸ್ತಾನಿಟ್ಟು ಧಾರಣೆ ನೋಡಿ ಮಾರಿದಾಗ ಒಟ್ಟಾಗಿ ಬರುವಂಥದ್ದು ಎಂಬುದು ಅವುಗಳಿಂದಲೇ ಸಿದ್ಧವಾಗುತ್ತದೆ.

ಅಮ್ಮನ ಖಾತೆಯ ದೊಡ್ಡ ಜಮೆಯ ಬಗ್ಗೆ ಹೇಳುವುದಾದರೆ, ಆ ಹಣದಲ್ಲಿ ದೋಷವೇನೂ ಇಲ್ಲ, ಅದರ ಹಿಂದಿನ ಕೊಂಡಿಗಳು ಕಡತದಲ್ಲಿಲ್ಲ, ಅಷ್ಟೇ. ಅಡಿಕೆ ಮಾರಿದ ಬಿಲ್ಲು, ಆ ಮೊತ್ತ ಅಪ್ಪನ ಖಾತೆಗೆ ಬಂದ ದಿನದ ಸ್ಟೇಟ್‌ಮೆಂಟ್, ಅಲ್ಲಿಂದ ಅಮ್ಮನ ಖಾತೆಗೆ ಹೋದ ದಿನದ ಸಾಲು, ಈ ಮೂರನ್ನು ಒಟ್ಟಿಗೆ ಜೋಡಿಸಿ, ಪಕ್ಕದಲ್ಲಿ ಒಂದೆರಡು ಸಾಲಿನ ವಿವರಣೆ ಬರೆದರೆ ಸಾಕು. ಮರು ಅರ್ಜಿಗೆ ಮೊದಲು ಇನ್ನಷ್ಟು ಹಣ ಹಾಕಿಸುವ ಯೋಚನೆಯಿದ್ದರೆ ದಯವಿಟ್ಟು ಬಿಡಿ. ನೆಂಟರಿಂದ ಕೈಗಡ ತಂದು ಖಾತೆ ತುಂಬಿಸಿದ ಕಡತಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ, ಅದರಿಂದ ಯಾರಿಗೂ ಉಪಕಾರವಾದದ್ದನ್ನು ನಾನು ಕಂಡಿಲ್ಲ. ಆರು ತಿಂಗಳ ಬದಲು ಒಂದು ವರ್ಷದ ಸ್ಟೇಟ್‌ಮೆಂಟ್ ಕೊಡಿ. ಹಾಲಿನ ಹಣ ನಿಯತವಾಗಿ ಬರುವುದು ಅದರಲ್ಲಿ ಕಾಣಲಿ.

ಬ್ಯಾಂಕಿನ ಹೆಸರಿನ ವಿಷಯವನ್ನು ನಮ್ಮ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕು. ನಿಮ್ಮ ಅಪ್ಪನ ನಿವೃತ್ತಿಯ ಪತ್ರ ಸಿಂಡಿಕೇಟ್ ಬ್ಯಾಂಕಿನದ್ದು, ಈಗ ಪಿಂಚಣಿ ಜಮೆಯಾಗುತ್ತಿರುವುದು ಕೆನರಾ ಬ್ಯಾಂಕಿನಿಂದ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತೆಂದು ನಮಗೆ ಹೇಳಬೇಕಾಗಿಲ್ಲ. ಬೇರೆ ದೇಶದ ಕಚೇರಿಯಲ್ಲಿ ಕುಳಿತವರಿಗೆ ಹೇಳಬೇಕು. ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿತು, ಅದಕ್ಕೆ ಒಂದು ವರ್ಷ ಮೊದಲು, 2019ರ ಏಪ್ರಿಲ್ 1ರಂದು, ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಈ ಬ್ಯಾಂಕುಗಳಿಂದ ನಿವೃತ್ತರಾದವರು ನಮ್ಮ ಎರಡೂ ಜಿಲ್ಲೆಗಳಲ್ಲಿ ಎಷ್ಟೊಂದು ಮಂದಿ ಇದ್ದಾರೆ! ಹಳೆಯ ಠೇವಣಿ ರಸೀದಿ ಒಂದು ಹೆಸರಿನಲ್ಲಿ, ಈಗಿನ ಪಾಸ್ ಪುಸ್ತಕ ಇನ್ನೊಂದು ಹೆಸರಿನಲ್ಲಿ ಇದ್ದರೆ ಎರಡೂ ಬೇರೆ ಬೇರೆ ಎಂದು ಓದುವವರಿಗೆ ಅನ್ನಿಸುವುದು ಸಹಜ. ಶಾಖೆಯ ವ್ಯವಸ್ಥಾಪಕರಿಂದ ಪಿಂಚಣಿಯ ಬಗ್ಗೆ ಈಗಿನ ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ತೆಗೆದುಕೊಳ್ಳಿ.

ಪಹಣಿ ಕನ್ನಡದಲ್ಲಿರುವುದರಿಂದ ಇಂಗ್ಲಿಷ್ ಅನುವಾದ ಬೇಕು, ಅನುವಾದಕರ ಅಫಿಡವಿಟ್ ಬೇಕು, ಮೂಲದ ದೃಢೀಕೃತ ಪ್ರತಿಯೂ ಜೊತೆಗಿರಬೇಕು. ಅನುವಾದವನ್ನು ನೀವಾಗಲಿ ಮನೆಯ ಬೇರೆ ಯಾರಾಗಲಿ ಮಾಡುವಂತಿಲ್ಲ. ಅಮ್ಮನ ಹೆಸರು ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರಿನೊಂದಿಗೆ, ತಾಯಿಮನೆಯ ಪಹಣಿಯಲ್ಲಿ ಹುಟ್ಟಿದ ಮನೆಯ ಹೆಸರಿನೊಂದಿಗೆ ಇದ್ದರೆ, ಎರಡೂ ಒಬ್ಬರೇ ಎಂಬ ನೋಟರಿ ಅಫಿಡವಿಟ್ ಮಾಡಿಸಿ. ಆ ತಲೆಮಾರಿನವರಲ್ಲಿ ಅನೇಕರಿಗೆ ವಿವಾಹ ನೋಂದಣಿ ಪತ್ರವಿರುವುದಿಲ್ಲ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿರುವ ಗಂಡನ ಹೆಸರು, ಅಪ್ಪನ ದಾಖಲೆಯಲ್ಲಿ ಕುಟುಂಬ ಪಿಂಚಣಿಗೆ ಅಮ್ಮನ ಹೆಸರಿರುವ ಪುಟ, ಜಂಟಿ ಖಾತೆ, ಇವು ಒಟ್ಟಾಗಿ ಆ ಕೊರತೆಯನ್ನು ತುಂಬುತ್ತವೆ.

ಮಣಿಪಾಲದವಳು (ಈಗ ಒಂಟಾರಿಯೊ)

ಅಕ್ಕನ ಕಡೆಯಿಂದ ಆಗಬೇಕಾದ ಕೆಲಸವನ್ನು ನಾನು ಹೇಳುತ್ತೇನೆ. ಆಹ್ವಾನ ಪತ್ರದಲ್ಲಿ ಬಾಣಂತನದ ವಿಷಯವನ್ನು ಮುಚ್ಚಿಟ್ಟು ಬರೀ ಪ್ರವಾಸ, ನಯಾಗರ ನೋಡುವುದು ಎಂದು ಬರೆದಿದ್ದರೆ ಅದನ್ನು ಬದಲಿಸಲಿ. ಮಗುವನ್ನು ನೋಡಿಕೊಳ್ಳುವುದನ್ನು ಉದ್ಯೋಗವೆಂದು ತಿಳಿದುಬಿಡುತ್ತಾರೆ ಎಂಬ ಭಯದಿಂದ ನಮ್ಮವರು ಅದನ್ನು ಬರೆಯುವುದೇ ಇಲ್ಲ. ಆ ಭಯಕ್ಕೆ ಆಧಾರವಿಲ್ಲ. ಯಾವುದು ಉದ್ಯೋಗ, ಯಾವುದು ಅಲ್ಲ ಎಂಬುದರ ಬಗ್ಗೆ ಇಲಾಖೆಯು ತನ್ನ ಅಧಿಕಾರಿಗಳಿಗೆ ಕೊಟ್ಟಿರುವ ಮಾರ್ಗದರ್ಶನದಲ್ಲಿ, ಭೇಟಿಗೆ ಬಂದ ತಾಯಿ ಮಗಳಿಗೆ ಮಗುವಿನ ಆರೈಕೆಯಲ್ಲಿ ಸಂಬಳವಿಲ್ಲದೆ ನೆರವಾಗುವುದನ್ನೇ ಉದ್ಯೋಗವಲ್ಲದ್ದಕ್ಕೆ ಉದಾಹರಣೆಯಾಗಿ ಕೊಟ್ಟಿದೆ. ನಿಜವಾದ ಉದ್ದೇಶವನ್ನು ಬರೆದು, ಹೆರಿಗೆಯ ನಿರೀಕ್ಷಿತ ದಿನಾಂಕವಿರುವ ವೈದ್ಯರ ಅಥವಾ ಮಿಡ್‌ವೈಫರ ಪತ್ರವನ್ನು ಲಗತ್ತಿಸಿದರೆ, ಈಗಲೇ ಏಕೆ ಬರಬೇಕು, ಇಷ್ಟೇ ಕಾಲ ಏಕೆ ಇರಬೇಕು ಎಂಬ ಎರಡು ಪ್ರಶ್ನೆಗಳಿಗೆ ಒಂದೇ ಕಾಗದ ಉತ್ತರಿಸುತ್ತದೆ.

ಅದೇ ಕಾರಣಕ್ಕೆ ಅವಧಿಯನ್ನು ಕುರಿತು ಯೋಚಿಸಿ. ಸಾಮಾನ್ಯವಾಗಿ ಸಂದರ್ಶಕರಿಗೆ 6 ತಿಂಗಳ ತನಕ ಇರಲು ಅವಕಾಶವಿದೆಯೆಂದು ಎಲ್ಲರೂ ಆರು ತಿಂಗಳೆಂದೇ ತುಂಬಿಸುತ್ತಾರೆ. ಹೆರಿಗೆಗೆ ಎರಡು ಮೂರು ವಾರ ಮೊದಲು ಬಂದು, ಮಗುವಿಗೆ ಮೂರು ತಿಂಗಳು ತುಂಬಿದಾಗ ಹೊರಡುವುದೆಂದು ದಿನಾಂಕ ಸಮೇತ ಬರೆದರೆ ಅದಕ್ಕೊಂದು ಅರ್ಥವಿರುತ್ತದೆ. ಆಮೇಲೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಅಕ್ಕ ಒಂದು ಸಾಲಿನಲ್ಲಿ ಹೇಳಬೇಕು. ಅವಳ ಹೆರಿಗೆ ರಜೆ ಎಷ್ಟು ಕಾಲದ್ದು, ಭಾವ ರಜೆ ತೆಗೆದುಕೊಳ್ಳುತ್ತಾರೆಯೇ ಎಂಬ ವಿವರವಿದ್ದರೆ, ಅಜ್ಜಿಯನ್ನು ಇಲ್ಲಿಯೇ ಉಳಿಸಿಕೊಳ್ಳುತ್ತಾರೆಂಬ ಸಂಶಯಕ್ಕೆ ಎಡೆಯಿರುವುದಿಲ್ಲ.

ಆಹ್ವಾನಿಸುವವರ ದಾಖಲೆಗಳೆಂದರೆ ಪಿಆರ್ ಕಾರ್ಡಿನ ಎರಡೂ ಬದಿ, ಉದ್ಯೋಗದ ಪತ್ರ, ಇಲ್ಲಿನ ಕಂದಾಯ ಇಲಾಖೆ ತೆರಿಗೆ ಲೆಕ್ಕ ಹಾಕಿ ಕಳುಹಿಸುವ ನೋಟೀಸ್ ಆಫ್ ಅಸೆಸ್‌ಮೆಂಟ್, ಮನೆಯ ಬಾಡಿಗೆ ಕರಾರು. ಸಂಬಳದ ಚೀಟಿಗಿಂತ ಅಸೆಸ್‌ಮೆಂಟ್ ಪತ್ರ ಹೆಚ್ಚು ಉಪಯುಕ್ತ. ಅಕ್ಕ ಮಗಳೆಂದು ತೋರಿಸಲು ಅವಳ ಜನನ ಪ್ರಮಾಣಪತ್ರದಲ್ಲಿ ಅಮ್ಮನ ಹೆಸರಿರಬೇಕು. ಇಲ್ಲದಿದ್ದರೆ ಅವಳ ಪಾಸ್‌ಪೋರ್ಟಿನ ಕೊನೆಯ ಪುಟ.

ಸೂಪರ್ ವೀಸಾ ಎಂಬ ಇನ್ನೊಂದು ದಾರಿಯೂ ಇದೆ. ನಾಗರಿಕರ ಅಥವಾ ಪಿಆರ್ ಇರುವವರ ತಂದೆತಾಯಿ, ಅಜ್ಜ ಅಜ್ಜಿಯರಿಗೆ ಇದು ಮೀಸಲು. 2022ರ ಜುಲೈ 4ರಿಂದ ಒಂದು ಪ್ರವೇಶಕ್ಕೆ 5 ವರ್ಷಗಳ ತನಕ ತಂಗಬಹುದು. ಅದಕ್ಕೆ ವೈದ್ಯಕೀಯ ಪರೀಕ್ಷೆ, ಕನಿಷ್ಠ 1 ವರ್ಷದ ಅವಧಿಯ, ಕನಿಷ್ಠ 1 ಲಕ್ಷ ಕೆನಡಾ ಡಾಲರ್ ಮೊತ್ತದ ಆರೋಗ್ಯ ವಿಮೆ, ಆಹ್ವಾನಿಸುವವರಿಗೆ ನಿಗದಿತ ಕನಿಷ್ಠ ಆದಾಯ, ಇಷ್ಟೂ ಬೇಕು. ಆದಾಯದ ಮಿತಿ ಕುಟುಂಬದ ಗಾತ್ರದ ಮೇಲೆ ನಿಂತಿದೆ, ಬರುವ ತಾಯಿಯನ್ನೂ ಆ ಎಣಿಕೆಗೆ ಸೇರಿಸುತ್ತಾರೆ. ಸೂಪರ್ ವೀಸಾಕ್ಕೂ ಮರಳಿ ಹೋಗುವ ಮನವರಿಕೆಯ ನಿಯಮ ಅನ್ವಯಿಸುತ್ತದೆ ಎಂಬುದನ್ನು ಮರೆಯಬೇಡಿ. ನಾಲ್ಕು ತಿಂಗಳ ಬಾಣಂತನಕ್ಕೆ ಬರುವವರು ಐದು ವರ್ಷದ ಅವಕಾಶ ಕೇಳುವುದು ನಿಮ್ಮ ಕಥನಕ್ಕೆ ಹೊಂದುವುದಿಲ್ಲ ಎಂದು ನನಗನ್ನಿಸುತ್ತದೆ. ಈ ಬಾರಿ ವಿಸಿಟರ್ ವೀಸಾವನ್ನೇ ಕೇಳಿ.

ಸೀತಾನದಿ (ಹೆಬ್ರಿ)

ನಿಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಮ್ಮ ಡೈರಿಯ ಸದಸ್ಯೆಯೇ ಹೌದು, ಹಾಲಿನ ಹಣ ಅವರ ಸೊಸೈಟಿ ಖಾತೆಗೆ ಬರುತ್ತದೆ. ಆ ಖಾತೆಯನ್ನು ನಾವು ಕೊಟ್ಟಿರಲಿಲ್ಲ. ತಾಯಿಮನೆಯ ಜಂಟಿ ಪಹಣಿಯಲ್ಲಿಯೂ ಅವರ ಹೆಸರಿದೆ ಎಂದು ಮಾವ ಹೇಳಿದರು.

ಇನ್ನೂ ಮೂರು ಸಂಶಯಗಳಿವೆ. ಊರಿನ ಕಡೆ ವೀಸಾ ಕೆಲಸ ಮಾಡಿಕೊಡುವ ಒಬ್ಬರು, ಹಿಂದಿನ ನಿರಾಕರಣೆಯನ್ನು ಹೊಸ ಅರ್ಜಿಯಲ್ಲಿ ತೋರಿಸಬೇಡಿ, ಬೇರೆ ಇಮೇಲ್‌ನಿಂದ ಹೊಸ ಖಾತೆ ತೆರೆದು ಹಾಕಿದರೆ ಗೊತ್ತಾಗುವುದಿಲ್ಲ ಎಂದು ಹೇಳುತ್ತಿದ್ದಾರೆ. ಎರಡನೆಯದು, ಅಪ್ಪನನ್ನೂ ಅರ್ಜಿಯಲ್ಲಿ ಸೇರಿಸಿದರೆ ಬಲ ಬರುತ್ತದೆ ಎಂದು ನೆಂಟರು ಹೇಳುತ್ತಿದ್ದಾರೆ. ಮೂರನೆಯದು, ಮುಂದೆ ಅಕ್ಕ ತಂದೆತಾಯಿಯರನ್ನು ಕಾಯಂ ನಿವಾಸಕ್ಕೆ ಸ್ಪಾನ್ಸರ್ ಮಾಡಬೇಕೆಂದಿದ್ದಾಳೆ, ಅದು ಇದಕ್ಕೆ ಅಡ್ಡಿಯಾದೀತೇ?

ಕದ್ರಿಗುಡ್ಡ (ಮಂಗಳೂರು)

ಮೊದಲನೆಯದಕ್ಕೆ ಉತ್ತರ: ಖಂಡಿತ ಮಾಡಬೇಡಿ. ಕೆನಡಾ ಅಥವಾ ಬೇರೆ ಯಾವುದೇ ದೇಶ ಹಿಂದೆ ವೀಸಾ ನಿರಾಕರಿಸಿದೆಯೇ ಎಂಬ ನೇರ ಪ್ರಶ್ನೆ ಅರ್ಜಿಯಲ್ಲಿದೆ. ಅದಕ್ಕೆ ಇಲ್ಲ ಎಂದರೆ ಅದು ವಲಸೆ ಕಾಯ್ದೆಯ 40ನೆಯ ವಿಧಿಯಡಿ ತಪ್ಪು ನಿರೂಪಣೆಯಾಗುತ್ತದೆ, ಅದರ ಫಲ 5 ವರ್ಷಗಳ ನಿಷೇಧ. ಅಮ್ಮನ ಬೆರಳಚ್ಚು ಮತ್ತು ಭಾವಚಿತ್ರ ಆಗಲೇ ಅವರ ಬಳಿ ಇವೆ, 10 ವರ್ಷಗಳ ತನಕ ಇರುತ್ತವೆ. ಇಮೇಲ್ ಬದಲಿಸಿದ ಮಾತ್ರಕ್ಕೆ ಅಮ್ಮ ಬದಲಾಗುವುದಿಲ್ಲ. ಒಂದು ನಿರಾಕರಣೆಯನ್ನು ಸರಿಪಡಿಸಬಹುದು, ಸುಳ್ಳಿನ ದಾಖಲೆಯನ್ನು ಸರಿಪಡಿಸುವುದು ಬಹಳ ಕಷ್ಟ. ಆ ಸಲಹೆ ಕೊಟ್ಟವರು ಐದು ವರ್ಷ ಮನೆಯಲ್ಲಿ ಕೂರುವುದಿಲ್ಲ, ಕೂರಬೇಕಾದವರು ಅಮ್ಮ. ಇದನ್ನು ಮನೆಯವರೆಲ್ಲರೂ ಗಂಭೀರವಾಗಿ ತೆಗೆದುಕೊಳ್ಳಬೇಕು.

ಹಣ ಪಡೆದು ಪ್ರತಿನಿಧಿಯಾಗಿ ಕೆಲಸ ಮಾಡುವವರು ಕೆನಡಾದ ಒಂದು ಪ್ರಾಂತದ ವಕೀಲರ ಸಂಘದ ಸದಸ್ಯರೋ, ವಲಸೆ ಮತ್ತು ಪೌರತ್ವ ಸಲಹೆಗಾರರ ಕಾಲೇಜಿನ (ಇದು ಶಾಲೆಯಲ್ಲ, ಸಲಹೆಗಾರರ ನಿಯಂತ್ರಣ ಸಂಸ್ಥೆ) ಪರವಾನಗಿ ಹೊಂದಿದವರೋ, ಕ್ವಿಬೆಕ್‌ನ ನೋಟರಿಗಳೋ ಆಗಿರಬೇಕು. ಊರಿನಲ್ಲಿದ್ದು ಹಣ ಪಡೆದು ಅರ್ಜಿ ತುಂಬಿಸುವವರಿಗೂ ಈ ನಿಯಮ ಅನ್ವಯಿಸುತ್ತದೆ. ಪರವಾನಗಿ ಸಂಖ್ಯೆ ಕೇಳಿ ನೋಡಿ. ನಿಮ್ಮ ಕಡತವನ್ನು ನೀವು ಮತ್ತು ಅಕ್ಕ ಕುಳಿತು ಸಿದ್ಧಪಡಿಸಬಹುದೆಂಬುದು ನನ್ನ ಅನಿಸಿಕೆ; ಅಮ್ಮನ ಬದುಕಿನ ವಿವರ ನಿಮಗಿಂತ ಚೆನ್ನಾಗಿ ಬೇರೆಯವರಿಗೆ ತಿಳಿದಿರಲಾರದು.

ಸ್ಪಾನ್ಸರ್ ಮಾಡುವ ಇಚ್ಛೆ ಅಡ್ಡಿಯಲ್ಲ. ಮುಂದೊಂದು ದಿನ ಕಾಯಂ ನಿವಾಸಿಯಾಗುವ ಉದ್ದೇಶವಿದ್ದರೂ ಈಗ ತಾತ್ಕಾಲಿಕವಾಗಿ ಬಂದು ಹೋಗಲು ಅದು ತಡೆಯಲ್ಲ ಎಂದು ಅದೇ ಕಾಯ್ದೆಯ 22ನೆಯ ವಿಧಿಯ ಎರಡನೆಯ ಉಪವಿಧಿ ಹೇಳುತ್ತದೆ. ಆದರೂ ಅವಧಿ ಮುಗಿದಾಗ ಹೊರಡುತ್ತಾರೆಂಬ ಮನವರಿಕೆ ಬೇಕೇ ಬೇಕು. ಇನ್ನೂ ಯಾವ ಅರ್ಜಿಯೂ ಹೋಗಿಲ್ಲದಿದ್ದರೆ ಅದನ್ನು ಪತ್ರದಲ್ಲಿ ಎತ್ತುವ ಅಗತ್ಯವಿಲ್ಲ. ಕೇಳಿದರೆ ಸತ್ಯ ಹೇಳಿ.

ತೋಟದಮನೆ (ಕಾರ್ಕಳ)

ಅಪ್ಪನನ್ನು ಸೇರಿಸುವ ವಿಷಯಕ್ಕೆ ಮಾತ್ರ ನನ್ನ ಅಭಿಪ್ರಾಯ ಹೇಳುತ್ತೇನೆ. ಗಂಡ ಹೆಂಡತಿ ಇಬ್ಬರೂ ಅರ್ಜಿ ಹಾಕಿದರೆ, ಹಿಂದೆ ಉಳಿಯುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ನಿಮ್ಮಲ್ಲಿ ಅಪ್ಪ ಊರಿನಲ್ಲಿ ಉಳಿಯುವುದು ನಿಜವಾದ ಸಂಗತಿ, ಅದೇ ಅಮ್ಮ ಮರಳಿ ಬರಲು ದೊಡ್ಡ ಕಾರಣ. ಬಲ ಬರಲೆಂದು ಇಲ್ಲದ ಪ್ರಯಾಣವನ್ನು ಸೇರಿಸಿ ಆ ಕಾರಣವನ್ನು ಕಳೆದುಕೊಳ್ಳುವುದು ಸರಿಯಲ್ಲ. ನಮ್ಮ ಮನೆಯಲ್ಲಿಯೂ ಅತ್ತೆ ಒಬ್ಬರೇ ಹೋಗಿ ಬಂದರು, ಮಾವ ತೋಟ ನೋಡಿಕೊಂಡು ಇಲ್ಲಿಯೇ ಇದ್ದರು. ಮಾವನವರೂ ಒಂದು ಪತ್ರ ಬರೆದಿದ್ದರು. ಹೆಂಡತಿ ಹೋಗುವುದಕ್ಕೆ ತನ್ನ ಒಪ್ಪಿಗೆಯಿದೆ, ಟಿಕೆಟಿನ ಖರ್ಚು ತನ್ನದು, ಅಡಿಕೆಗೆ ಮದ್ದು ಹೊಡೆಯುವ ಕೆಲಸಕ್ಕೆ ಆಳುಗಳು ನಿಗದಿಯಾಗಿದ್ದಾರೆ, ಅಡಿಕೆ ಕೊಯ್ಲಿನ ಹೊತ್ತಿಗೆ ಅವರು ಮನೆಯಲ್ಲಿರಬೇಕು ಎಂದು ಸರಳವಾಗಿ ತಿಳಿಸಿದ್ದರು. ಅಂಗಳದಲ್ಲಿ ಅಡಿಕೆ ಒಣಗಿಸುವುದು, ಸುಲಿಸುವುದು, ಕೆಲಸದವರ ಊಟ, ಇವನ್ನೆಲ್ಲ ನಡೆಸುವವರು ಹೆಂಗಸರೇ ಎಂದು ನಮಗೆ ಗೊತ್ತು. ಹೆರಿಗೆಯ ದಿನಾಂಕ ಕೊಯ್ಲಿಗೆ ನಾಲ್ಕೈದು ತಿಂಗಳು ಮೊದಲಾದರೆ ನಿಮ್ಮ ಪತ್ರಕ್ಕೂ ಇದು ಹೊಂದುತ್ತದೆ; ಇಲ್ಲದಿದ್ದರೆ ಹಾಲಿನ ವಿಷಯವನ್ನೇ ಮುಂದಿಡಿ, ಸುಮ್ಮನೆ ಎಳೆದು ಹೊಂದಿಸಬೇಡಿ.

ಸೀತಾನದಿ (ಹೆಬ್ರಿ)

ಅರ್ಥವಾಯಿತು. ಅಪ್ಪ ಇಲ್ಲಿಯೇ ಇರುತ್ತಾರೆ, ಅವರ ಪತ್ರವನ್ನು ಸೇರಿಸುತ್ತೇವೆ. ನಿರಾಕರಣೆಯ ಟಿಪ್ಪಣಿ ಪತ್ರದ ಜೊತೆಗೆ ಬಂದಿರಲಿಲ್ಲ. ಅಕ್ಕ ಇಂದೇ ಅದಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಅದು ಬರುವಷ್ಟರಲ್ಲಿ ಸೊಸೈಟಿಯ ಪತ್ರ, ಪಹಣಿಯ ಅನುವಾದ, ಹೆಸರಿನ ಅಫಿಡವಿಟ್ ಇವನ್ನು ಮುಗಿಸುತ್ತೇನೆ. ಬೆರಳಚ್ಚಿಗೆ ಅಮ್ಮನನ್ನು ಮತ್ತೆ ಬೆಂಗಳೂರಿಗೆ ಕರೆದೊಯ್ಯಬೇಕೇ? ಟಿಕೆಟ್ ಮಾಡಿಸಿದ ಪ್ರತಿ ಇದ್ದರೆ ಅನುಕೂಲವೇ?

ಮಣಿಪಾಲದವಳು (ಈಗ ಒಂಟಾರಿಯೊ)

ಬೆರಳಚ್ಚು ಚಾಲ್ತಿಯಲ್ಲಿರುವುದರಿಂದ ಮತ್ತೆ ಕೊಡಬೇಕಾಗಿಲ್ಲ, ಅದರ 85 ಡಾಲರ್ ಶುಲ್ಕವನ್ನೂ ಕಟ್ಟಬೇಕಾಗಿಲ್ಲ. ಅರ್ಜಿ ಶುಲ್ಕ 100 ಡಾಲರನ್ನು ಮಾತ್ರ ಹೊಸದಾಗಿ ಕಟ್ಟಬೇಕು, ಹಿಂದಿನದು ಮರಳಿ ಬರುವುದಿಲ್ಲ. ಟಿಕೆಟನ್ನು ವೀಸಾ ಕೈಗೆ ಬಂದ ಮೇಲೆ ಮಾಡಿಸಿ. ಈಗ ಪ್ರಯಾಣದ ದಿನಾಂಕಗಳನ್ನು ಪತ್ರದಲ್ಲಿ ಬರೆದರೆ ಸಾಕು. ವಿಮೆಯನ್ನು ಮಾತ್ರ ಮರೆಯದೆ ಮಾಡಿಸಿ, ವಿಸಿಟರ್ ವೀಸಾಕ್ಕೆ ಅದು ಕಡ್ಡಾಯವಲ್ಲದಿದ್ದರೂ. ಇಲ್ಲಿನ ಆಸ್ಪತ್ರೆಯ ಖರ್ಚು ಸಂದರ್ಶಕರಿಗೆ ಸರ್ಕಾರದ ಯೋಜನೆಯಲ್ಲಿ ಸೇರುವುದಿಲ್ಲ, ಅಮ್ಮನಿಗೆ ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಇದ್ದರೆ ಪಾಲಿಸಿ ತೆಗೆದುಕೊಳ್ಳುವಾಗಲೇ ಅದನ್ನು ತಿಳಿಸಬೇಕು.